ಒಂದೇ ಹಾಳೆಯ ಸುತ್ತೋಲೆ

ಮಾರ್ಚ್ 3, ಭಾನುವಾರ

ಕೊನೆಗೂ ನನ್ನ ತಲೆಗೇ ಬಂತು. ಹದಿನಾರು ಮನೆಗಳ ಕಟ್ಟಡದಲ್ಲಿ ಸಂಘದ ಕಾರ್ಯದರ್ಶಿಯಾಗಲು ಒಬ್ಬರಿಗೂ ಪುರುಸೊತ್ತಿಲ್ಲ. ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ಕೂತಿದ್ದಾಗ ಅಧ್ಯಕ್ಷರು, ಅಂದರೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರು, "ಮೇಡಂ ಹೇಗೂ ರಿಟೈರ್ ಆಗಿದಾರಲ್ಲ, ಟೈಪಿಂಗೂ ಬರುತ್ತೆ" ಎಂದರು. ನೋವಾಗದ ಹಾಗೆ ಕೀಳುವುದು ಅವರ ಕಸುಬೇ ತಾನೆ. ನಾನು ಹೂಂ ಎನ್ನುವ ಮೊದಲೇ ಚಪ್ಪಾಳೆ ಬಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಇವರು ಪೇಪರಿನ ಹಿಂದಿನಿಂದ ಆಶೀರ್ವಾದ ಮಾಡಿದರು. ಮೂವತ್ತಾರು ವರ್ಷ ಸಂಸಾರ ಮಾಡಿದ ಗಂಡನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಶಾಲೆಯ ಆಫೀಸಿನಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದವಳು ನಾನು. ಆರು ಜನ ಹೆಡ್‌ಮಾಸ್ಟರುಗಳ ಸುತ್ತೋಲೆ ತಿದ್ದಿದ್ದೇನೆ. ಹದಿನಾರು ಮನೆ ಯಾವ ಲೆಕ್ಕ.

ಮನಸಾರೆ ಖುಷಿಪಟ್ಟವಳು ಕೆಳಗಿನ ಎರಡನೇ ನಂಬರಿನ ಅಕ್ಕ ಒಬ್ಬಳೇ. ಒಡಹುಟ್ಟಿದವಳಲ್ಲ, ಇಪ್ಪತ್ತೆರಡು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದು ಅಕ್ಕನಾದವಳು. ನನಗೆ ಆಪರೇಷನ್ ಆದಾಗ ಮೂರು ವಾರ ಮೂರು ಹೊತ್ತೂ ಊಟ ಹೊತ್ತು ತಂದವಳು. "ನೀನಿದ್ರೆ ನಂಗೆ ಧೈರ್ಯ ಕಣೇ. ನಮ್ಮನೆಯವರ ವಿಷಯ ಈಗ ಎಲ್ಲರ ಬಾಯಿಗೂ ಬಿದ್ದಿದೆ" ಎಂದಳು. ಭಾವನ ಮರೆವು ಹೆಚ್ಚುತ್ತಿದೆ, ಪಾಪ. ನೀರು ಸರಬರಾಜಿನಲ್ಲಿ ಕೆಲಸ ಮಾಡಿ ಬಂದವರು. ಈ ಕಟ್ಟಡದ ಪಂಪನ್ನೂ ಹದಿನೈದು ವರ್ಷ ಅವರೇ ನೋಡಿಕೊಂಡರು. ಮಕ್ಕಳೆಲ್ಲ ಅವರನ್ನು ನೀರು ತಾತ ಎಂದೇ ಕರೆಯುವುದು. ನಾನಿದ್ದೇನಲ್ಲ ಅಕ್ಕಾ ಎಂದೆ.

ಮಾರ್ಚ್ 9, ಶನಿವಾರ

ಬೆಳಿಗ್ಗೆ ಮೇಲಿನ ಎರಡು ಮಹಡಿಗಳಲ್ಲಿ ನೀರಿಲ್ಲ. ಹದಿನಾಲ್ಕನೇ ನಂಬರಿನ ಟ್ಯೂಷನ್ ಮೇಷ್ಟ್ರು ತಲೆಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಮೆಟ್ಟಿಲಿಳಿದು ಬಂದರು. ನಗು ತಡೆಯುವುದು ಕಷ್ಟವಾಯಿತು.

ಪಂಪಿನ ಕೋಣೆಗೆ ಹೋಗಿ ನೋಡಿದರೆ ಭಾವ. ಮೇಲಿನ ಲೈನಿನ ವಾಲ್ವ್ ಮುಚ್ಚಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ. "ಈ ಲೈನಿಗೆ ಸಾಯಂಕಾಲದ ಪಾಳಿ ಅಮ್ಮ. ಈಗ ಬಿಡೋಕಾಗಲ್ಲ, ಸಾಹೇಬ್ರು ಬೈತಾರೆ" ಎಂದರು. ಇಪ್ಪತ್ತು ಬಡಾವಣೆಗಳಿಗೆ ಸರದಿಯ ಮೇಲೆ ನೀರು ಬಿಟ್ಟ ಕೈ ಅದು, ಸುಮ್ಮನಿರುವುದು ಹೇಗೆ? "ಆಯ್ತು ಭಾವ, ಪಾಳಿ ಮುಗೀತು, ಟೀ ಕುಡಿಯೋಣ ಬನ್ನಿ" ಎಂದೆ. ಮಗುವಿನ ಹಾಗೆ ಹಿಂದೆ ಬಂದರು. ಅವರಿಗೆ ಟೀ ಎಂದರೆ ಸಾಕು, ಎಲ್ಲಿದ್ದರೂ ತಿರುಗುತ್ತಾರೆ.

ಅಕ್ಕ ಹತ್ತರಿಂದ ಎರಡರ ತನಕ ಹೊಲಿಗೆ ಅಂಗಡಿಯಲ್ಲಿರುತ್ತಾಳೆ. ಆ ನಾಲ್ಕು ಗಂಟೆಯದೇ ಕಷ್ಟ. ಟ್ಯೂಷನ್ ಮೇಷ್ಟ್ರಿಗೆ ನಾನೇ ಎರಡು ಬಕೆಟ್ ನೀರು ಕಳಿಸಿದೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ ಪುಣ್ಯಾತ್ಮ.

ಮಾರ್ಚ್ 17, ಭಾನುವಾರ

ಸಭೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಬೇಸಿಗೆ ಏರುತ್ತಿದೆ, ಸಂಪಿನಲ್ಲಿ ನೀರು ಇಳಿಯುತ್ತಿದೆ, ಭಾವ ಈ ವಾರದಲ್ಲಿ ಮೂರು ಸಲ ವಾಲ್ವ್ ಮುಚ್ಚಿದ್ದಾರೆ. ಟ್ಯೂಷನ್ ಮೇಷ್ಟ್ರು "ಅವರನ್ನ ಎಲ್ಲಾದ್ರೂ ಸೇರಿಸಬೇಕು" ಎಂದರು. ಅಕ್ಕ ಎದುರಿಗೇ ಕೂತಿದ್ದಳು. ನನಗೆ ಮೈ ಉರಿಯಿತು. "ಸಂಘ ಇರೋದು ಪಂಪು ನೋಡೋಕೆ, ಜನರನ್ನ ಸೇರಿಸೋಕೆ ಅಲ್ಲ" ಎಂದೆ.

ಪಂಪಿನ ಕೋಣೆಗೆ ಬೀಗ ಹಾಕಿ, ಬೀಗದ ಕೈ ನನ್ನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೊದಲ ಸುತ್ತೋಲೆ ಟೈಪ್ ಮಾಡಿ ಸಂಘದ ಪುಸ್ತಕಕ್ಕೆ ಅಂಟಿಸಿದೆ. ವಾಚ್‌ಮನ್ ಮನೆಮನೆಗೆ ಹೊತ್ತುಕೊಂಡು ಹೋಗಿ ಸಹಿ ಹಾಕಿಸಿಕೊಂಡು ಬಂದ. ಒಂದೇ ಹಾಳೆ. ಸುತ್ತೋಲೆ ಎರಡನೇ ಹಾಳೆಗೆ ಹೋದರೆ ಯಾರೂ ಓದುವುದಿಲ್ಲ, ಇದು ನನ್ನ ಮೂವತ್ತೊಂದು ವರ್ಷದ ಅನುಭವ.

ಮಾರ್ಚ್ 22, ಶುಕ್ರವಾರ

ಒಂದು ಮುಚ್ಚಿದರೆ ಇನ್ನೊಂದು. ಪಂಪಿನ ಕೋಣೆಗೆ ಬೀಗ ಬಿದ್ದ ಮೇಲೆ ಭಾವ ಗೇಟು ದಾಟಿ ಬೀದಿಗೆ ಹೋಗಲು ಶುರುಮಾಡಿದ್ದಾರೆ, ಡ್ಯೂಟಿಗಂತೆ. ಅದಕ್ಕೆ ಅಕ್ಕ ಅಂಗಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದಾಳೆ. ಅವರು ಒಳಗಿನಿಂದ ಬಾಗಿಲು ಬಡಿಯುತ್ತಾರೆ. ನಾಲ್ಕು ಗಂಟೆ ಹೊತ್ತು ಬಡಿಯುತ್ತಾರೆ. ಇವತ್ತು ಅದರ ಜೊತೆಗೆ ಅಳುವೂ ಕೇಳಿಸಿತು.

ದೂರು ಮೂರು ಮನೆಗಳಿಂದ ಬಂದಿದೆ. ಟ್ಯೂಷನ್ ಮೇಷ್ಟ್ರದ್ದು ಬರವಣಿಗೆಯಲ್ಲೇ ಬಂದಿದೆ, ಪರೀಕ್ಷೆಯ ಮಕ್ಕಳಿಗೆ ತೊಂದರೆ ಎಂದು. ಬರವಣಿಗೆಯಲ್ಲಿ ಬಂದದ್ದಕ್ಕೆ ಬರವಣಿಗೆಯಲ್ಲೇ ಕ್ರಮ ಆಗಬೇಕು. ಅಕ್ಕನಿಗೆ ಒಂದು ಪತ್ರ ಟೈಪ್ ಮಾಡಿ ವಾಚ್‌ಮನ್ ಕೈಲಿ ಕಳಿಸಿದೆ. ತುಂಬ ಸೌಮ್ಯವಾಗಿಯೇ ಬರೆದಿದ್ದೇನೆ. "ಶಬ್ದವಾಗದಂತೆ ಸೂಕ್ತ ವ್ಯವಸ್ಥೆ ಮಾಡಿಕೊಳ್ಳಲು ಕೋರಲಾಗಿದೆ."

ಮಾರ್ಚ್ 24, ಭಾನುವಾರ

ಅಕ್ಕ ಪತ್ರ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ನಿಂತಳು. "ಹದಿನೆಂಟು ಮೆಟ್ಟಿಲು ಇಳಿದು ಬಂದು ಹೇಳೋಕೆ ಆಗ್ಲಿಲ್ವಾ ನಿಂಗೆ?"

ನಿನಗೊಬ್ಬಳಿಗೆ ಬಾಯಲ್ಲಿ ಹೇಳಿದರೆ ಉಳಿದವರು ಪಕ್ಷಪಾತ ಅನ್ನುತ್ತಾರೆ ಅಕ್ಕಾ, ಇದು ಮನೆ ವಿಷಯ ಅಲ್ಲ, ಸಂಘದ್ದು ಎಂದೆ. ಅವಳು ಪತ್ರವನ್ನು ನಾಲ್ಕು ಮಡಿಕೆ ಮಾಡಿ, "ಕೋರಲಾಗಿದೆ ಅಂತ ಬರ್ದಿದೀಯ. ಕೋರಿರೋದು ಯಾರು ಹಾಗಾದ್ರೆ?" ಎಂದು ಕೇಳಿ ಹೊರಟುಹೋದಳು. ಟೈಲರ್‌ಗಳಿಗೆ ಪ್ರತಿಯೊಂದರಲ್ಲೂ ಹೊಲಿಗೆ ಹುಡುಕುವ ಚಟ.

ಬೇಸರವಾಯಿತು. ಆದರೆ ಆಫೀಸಿನ ಭಾಷೆ ಹಾಗೇ ಇರುವುದು, ನಾನು ಮಾಡಿದ್ದಲ್ಲ.

ಮಾರ್ಚ್ 30, ಶನಿವಾರ

ಬಾಗಿಲು ಬಡಿಯುವುದು ನಿಂತಿದೆ. ಅಕ್ಕ ಚಿಲಕ ಹಾಕುವುದು ಬಿಟ್ಟಳಂತೆ. ಮೂರು ಮನೆಯವರೂ ಫೋನು ಮಾಡಿ ಮೆಚ್ಚಿಕೊಂಡರು.

ಏಪ್ರಿಲ್ 6, ಶನಿವಾರ

ದೊಡ್ಡ ರಾದ್ಧಾಂತ. ಭಾವ ಗೇಟು ದಾಟಿ ಅರ್ಧ ಬೀದಿ ಹೋಗಿದ್ದರಂತೆ. ವಾಚ್‌ಮನ್ ಎಂದಿನಂತೆ ಓಡಿಹೋಗಿ ಹಿಡಿದಿದ್ದಾನೆ. ಈ ಸಲ ಅವರು ಬರಲು ಒಪ್ಪಲಿಲ್ಲ, ಇವನು ಎಳೆದ, ಅವರು ಬಿದ್ದರು. ಮಣಿಕಟ್ಟು ಬದನೆಕಾಯಿಯ ಹಾಗೆ ಊದಿಕೊಂಡಿದೆ. ಮೂಳೆ ಮುರಿದಿಲ್ಲವಂತೆ.

ಅಕ್ಕ ಗೇಟಿನ ಹತ್ತಿರ ನಿಂತು ವಾಚ್‌ಮನ್‌ಗೆ ಬಾಯಿಗೆ ಬಂದ ಹಾಗೆ ಬೈದಳು. "ಅವರು ಏನು ದನಾನಾ, ಎಳ್ಕೊಂಡು ಬರೋಕೆ?" ಅವನು ಅಳುಮುಖ ಮಾಡಿಕೊಂಡು, "ರೋಡಿಗೆ ಬಿಟ್ರೆ ಬಿಟ್ಟೆ ಅಂತೀರ, ಹಿಡಿದ್ರೆ ಹಿಡಿದೆ ಅಂತೀರ. ನಾನೇನ್ ಮಾಡ್ಲಿ ಹೇಳಿಬಿಡಿ ಮೇಡಂ" ಎಂದು ನನ್ನನ್ನು ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಒಂದು ಸ್ಪಷ್ಟ ನಿಯಮ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಏಪ್ರಿಲ್ 7, ಭಾನುವಾರ

ಇವತ್ತು ಬರೆದ ಸುತ್ತೋಲೆಯಷ್ಟು ಚೊಕ್ಕವಾದದ್ದನ್ನು ನಾನು ಆಫೀಸಿನಲ್ಲೂ ಬರೆದಿರಲಿಲ್ಲ. ಇಲ್ಲೊಂದು ಪ್ರತಿ ಇರಲಿ.

"ಕಾವಲುಗಾರನು ಯಾವುದೇ ನಿವಾಸಿಯ ಮೈ ಮುಟ್ಟತಕ್ಕದ್ದಲ್ಲ, ಹೊರಗೆ ಹೋಗುವವರನ್ನು ಅಡ್ಡಗಟ್ಟತಕ್ಕದ್ದಲ್ಲ. ಹೋದವರ ಮನೆಯ ಸಂಖ್ಯೆ ಮತ್ತು ವೇಳೆಯನ್ನು ಗೇಟಿನ ಪುಸ್ತಕದಲ್ಲಿ ತಪ್ಪದೆ ನಮೂದಿಸತಕ್ಕದ್ದು."

ಮೊದಲ ಕರಡಿನಲ್ಲಿ ಕೊನೆಗೆ ಇನ್ನೊಂದು ವಾಕ್ಯವಿತ್ತು: "ಅಗತ್ಯವೆನಿಸಿದಲ್ಲಿ ಮನೆಯವರಿಗೆ ಕೂಡಲೇ ಫೋನು ಮಾಡತಕ್ಕದ್ದು." ಅದರ ಮೇಲೆ ಡಾಕ್ಟರು ಅರ್ಧ ಗಂಟೆ ತೆಗೆದರು. "ಅಗತ್ಯ ಅಂತ ನಿರ್ಧಾರ ಮಾಡೋದು ಯಾರು ಮೇಡಂ? ಅವನು ಫೋನ್ ಮಾಡೋದು ಮರೆತ ಅಂತಿಟ್ಕೊಳ್ಳಿ, ಆಗ ಸಂಘದ ಕುತ್ತಿಗೆಗೆ ಬರುತ್ತೆ." ನನಗೆ ಅದು ಅಷ್ಟೇನೂ ದೊಡ್ಡ ತೊಂದರೆ ಎನಿಸಲಿಲ್ಲ. ಆದರೆ ನೀರಿನ ವೇಳಾಪಟ್ಟಿ, ವಾಹನ ನಿಲುಗಡೆ ಎಲ್ಲ ಸೇರಿ ಆ ಒಂದು ವಾಕ್ಯ ಎರಡನೇ ಹಾಳೆಗೆ ಹೋಗಿ ಕೂತಿತ್ತು. ಒಂದು ವಾಕ್ಯಕ್ಕೋಸ್ಕರ ಇನ್ನೊಂದು ಹಾಳೆಯೇ? ತೆಗೆದೆ. ಅಂಚು ಸರಿಹೊಂದಿತು, ಕೆಳಗೆ ನನ್ನ ಸಹಿಗೂ ಜಾಗ ಸಿಕ್ಕಿತು.

ಏಪ್ರಿಲ್ 9, ಮಂಗಳವಾರ

ಹದಿನಾರಕ್ಕೆ ಹದಿನಾರೂ ಸಹಿ, ಎರಡೇ ದಿನದಲ್ಲಿ. ಎರಡನೇ ಮನೆಯವರು ಸಹಿ ಹಾಕಲು ತಕರಾರು ಮಾಡುತ್ತಾರೇನೋ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮೆಟ್ಟಿಲ ಹತ್ತಿರ ಸಿಕ್ಕಿ, "ಒಳ್ಳೇದು ಮಾಡ್ದೆ ಕಣೇ. ಇನ್ನು ಅವರ ಮೈ ಮುಟ್ಟೋರಿಲ್ಲ. ನಾನು ಏನೇನೋ ಅಂದೆ ಅವತ್ತು, ಮನಸಲ್ಲಿ ಇಟ್ಕೋಬೇಡ" ಎಂದರು. ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನನಗೆ ಸಂಘದ ಕೆಲಸಕ್ಕೆ ಹೊತ್ತಾಗಿತ್ತು ಎಂದು ಹೆಚ್ಚು ಮಾತಾಡಲಿಲ್ಲ.

ಏಪ್ರಿಲ್ 18, ಗುರುವಾರ

ಹತ್ತು ದಿನದಿಂದ ಒಂದೂ ದೂರಿಲ್ಲ. ಎರಡನೇ ಮನೆಯ ಹಿರಿಯರು ಊದಿದ ಕೈಯಿಂದಾಗಿ ಒಳಗೇ ಇದ್ದಾರೆ. ವಾಚ್‌ಮನ್ ಪುಸ್ತಕ ನೋಡಿದೆ. ಅಕ್ಷರ ಕೋಳಿ ಕಾಲು, ಆದರೂ ಒಂದು ಸಾಲೂ ಬಿಟ್ಟಿಲ್ಲ. ಬೇರೆ ಕಟ್ಟಡದ ಸಂಘದವರು ನಮ್ಮ ಸುತ್ತೋಲೆಯ ಪ್ರತಿ ಕೇಳಿದ್ದಾರಂತೆ. ಡಾಕ್ಟರು ಹೇಳಿದರು.

ಇವರು "ಕೆಳಗೆ ಹೋಗಿ ಒಂದು ಸಲ ಅವರನ್ನ ಮಾತಾಡಿಸಿ ಬಾರೇ" ಎಂದರು. ಹೋಗಬೇಕು. ಈ ವಾರ ಟ್ಯಾಂಕ್ ತೊಳೆಸುವುದಿದೆ.

ಏಪ್ರಿಲ್ 24, ಬುಧವಾರ

ಬಿಸಿಲು ಎಂದರೆ ಬಿಸಿಲು. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದರೆ ಪಾದ ಸುಟ್ಟಿತು. ಹನ್ನೊಂದೂಕಾಲು ದಾಟಿರಬೇಕು, ಎರಡನೇ ಮನೆಯ ಹಿರಿಯರು ಗೇಟಿನ ಹತ್ತಿರ ಕಂಡರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಚೀಲ, ಕಾಲಲ್ಲಿ ಬೂಟು. ವಾಚ್‌ಮನ್ ಎದ್ದು ನಿಂತ. ತಲೆ ಎತ್ತಿ ನನ್ನ ಕಡೆ ನೋಡಿದ. ಕರೆಯೋಣ ಎಂದು ಬಾಯಿಗೆ ಬಂದಿತ್ತು. ಆದರೆ ನಿಯಮ ಬರೆದವಳೇ ಮಹಡಿಯಿಂದ ಕೂಗಿ ತಡೆಸಿದರೆ ನಾಳೆ ಅದಕ್ಕೆ ಬೆಲೆಯೇನು? ಇವತ್ತು ನಾನು ಕೂಗಿದರೆ ನಾಳೆಯೂ ನಾನೇ ಕೂಗಬೇಕು. ಅವನು ಪುಸ್ತಕ ತೆಗೆದು ಬರೆದುಕೊಂಡ. ನೋಡಿ ಸಮಾಧಾನವಾಯಿತು, ಪರವಾಗಿಲ್ಲ, ಕಲಿತಿದ್ದಾನೆ.

ಒಳಗೆ ಬಂದು ಇವರಿಗೆ ಹೇಳಿದೆ, ನೋಡಿ, ಭಾವ ಬೂಟು ಹಾಕ್ಕೊಂಡು ಹೊರಟ್ರು ಎಂದು. "ಯಾರ ಜೊತೆ?" ಎಂದರು. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ನೋಡಲು ಹೋದೆ.

ಅದೇ ದಿನ, ಸಂಜೆ

ಅಕ್ಕ ಎರಡೂಕಾಲಿಗೆ ಬಂದು ಎಲ್ಲ ಬಾಗಿಲುಗಳನ್ನೂ ತಟ್ಟಿದಳು. ಯಾರ ಮನೆಯಲ್ಲೂ ಇಲ್ಲ. ಬೀದಿಯ ಕೊನೆಯ ತನಕ ಹುಡುಕಿದೆವು. ಇವರು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಬಂದರು. ಪೊಲೀಸಿನವರು ಪುಸ್ತಕ ಕೇಳಿದರು. "11-20. 2ನೇ ಮನೆ ಯಜಮಾನರು ಹೊರಗೆ. ನಿಯಮದ ಪ್ರಕಾರ ತಡೆದಿಲ್ಲ." ಅವರು ಆ ಸಾಲನ್ನು ಎರಡು ಸಲ ಓದಿದರು. ಅಕ್ಕ ಒಂದೇ ಸಲ ಓದಿದಳು.

ಏಪ್ರಿಲ್ 25, ಗುರುವಾರ

ಸಿಗಲಿಲ್ಲ.

ಏಪ್ರಿಲ್ 26, ಶುಕ್ರವಾರ

ಸಿಕ್ಕಿದರು. ಊರಾಚೆ ಕೆರೆಯ ದಾರಿಯಲ್ಲಿ, ಎಂಟು ಮೈಲಿ ದೂರ, ಹಳೆಯ ನೀರು ಶುದ್ಧೀಕರಣದ ಆಫೀಸಿನ ಕಾಂಪೌಂಡಿನ ಗೋಡೆಗೆ ಒರಗಿ ಕೂತ ಹಾಗೆಯೇ. ಅವರು ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿಯೇ. ಈಗ ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಆ ಕಡೆ ಜನ ಓಡಾಡುವುದಿಲ್ಲ. ಬಿಸಿಲು ಎಂದರು ಆಸ್ಪತ್ರೆಯವರು. ಪ್ರಾಣ ಹೋದದ್ದು ಬುಧವಾರ ಸಂಜೆಯೇ ಇರಬಹುದಂತೆ. ಚೀಲದಲ್ಲಿ ಊಟದ ಡಬ್ಬಿ ಇತ್ತು. ಖಾಲಿ ಡಬ್ಬಿ, ತಾವೇ ತೊಳೆದು ಇಟ್ಟುಕೊಂಡಿದ್ದರು.

ಗುರುತು ಹಿಡಿಯಲು ಅಕ್ಕನ ಜೊತೆ ಇವರು ಹೋದರು. ನಾನು ಹೋಗಲಿಲ್ಲ, ಯಾರಾದರೂ ಇಲ್ಲಿ ಇರಬೇಕಲ್ಲ. ಫೋನುಗಳು ಬರುತ್ತಲೇ ಇದ್ದವು. ಹದಿನೈದು ವರ್ಷ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬಂದದ್ದು ಅವರ ಕೈಯಿಂದ.

ಏಪ್ರಿಲ್ 28, ಭಾನುವಾರ

ತುರ್ತು ಸಭೆ, ಡಾಕ್ಟರ ಮನೆಯಲ್ಲಿ. ಎರಡನೇ ಮನೆಯವರನ್ನು ಕರೆಯಲಿಲ್ಲ, ಈ ಹೊತ್ತಿನಲ್ಲಿ ಸರಿಯಲ್ಲ ಎಂದು.

ಪೊಲೀಸಿನವರು ಸಂಘದಿಂದ ವಿವರಣೆ ಕೇಳಿದ್ದಾರೆ. ವಾಚ್‌ಮನ್ನನ್ನು ಕರೆದು ಕೇಳಿದೆವು. ಕೈ ಕಟ್ಟಿಕೊಂಡು ನಿಂತು ಹೇಳಿದ, "ಮೇಡಂ ಬಾಲ್ಕನಿಯಿಂದ ನೋಡ್ತಾನೇ ಇದ್ರು ಸಾರ್. ಕೂಗ್ತಾರೇನೋ ಅಂತ ಕಾದೆ. ಅವರೇ ಸುಮ್ಮನಿದ್ದ ಮೇಲೆ ನಾನ್ಯಾರು ಸಾರ್ ತಡೆಯೋಕೆ? ಹೋಗ್ಲಿ ಅಂತ ಬರ್ಕೊಂಡೆ."

ಎಲ್ಲರೂ ನನ್ನ ಕಡೆ ತಿರುಗಿದರು. "ನಾನು ಒಳಗಿದ್ದೆ, ಅಡಿಗೆ ಮನೇಲಿ" ಎಂದೆ.

ಪೂರ್ತಿ ಸುಳ್ಳೇನಲ್ಲ. ಬಟ್ಟೆ ಹಾಕಿ ಬಂದ ಮೇಲೆ ಅಡಿಗೆಮನೆಯಲ್ಲೇ ಇದ್ದೆ. ಸೆಕೆಂಡು ಸೆಕೆಂಡಿನ ಲೆಕ್ಕ ಯಾರು ಇಟ್ಟಿರುತ್ತಾರೆ?

ಟ್ಯೂಷನ್ ಮೇಷ್ಟ್ರು ಮೊದಲ ಸಲ ನನ್ನ ಪರ ಮಾತಾಡಿದರು. "ತಾನು ತಪ್ಪಿಸ್ಕೊಳ್ಳೋಕೆ ಮೇಡಂ ಮೇಲೆ ಹಾಕ್ತಿದಾನೆ. ಕಳಿಸಿಬಿಡಿ ಇವನನ್ನ." ನಿಯಮದಲ್ಲಿ ತಪ್ಪಿಲ್ಲ, ನಿಯಮವನ್ನು ಅರ್ಥಮಾಡಿಕೊಂಡದ್ದರಲ್ಲಿ ತಪ್ಪು ಎಂದು ಡಾಕ್ಟರು ನಿರ್ಣಯ ಹೇಳಿಬರೆಸಿದರು. ಕರ್ತವ್ಯಲೋಪ. ನಾನು ಬರೆದುಕೊಂಡೆ. ವಾಚ್‌ಮನ್ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಐವತ್ತು ದಾಟಿದ ಮನುಷ್ಯ, ಆರು ವರ್ಷದಿಂದ ಇಲ್ಲಿದ್ದವನು. ಅವನ ಮುಖ ನೋಡಬಾರದು ಎಂದುಕೊಂಡು ಇಳಿದು ಬಂದೆ.

ಏಪ್ರಿಲ್ 29, ಸೋಮವಾರ

ಊಟಕ್ಕೆ ಕೂತಾಗ ಇವರು ಕೇಳಿದರು, "ಭಾವ ಬೂಟು ಹಾಕ್ಕೊಂಡು ಹೊರಟ್ರು ಅಂತ ಅವತ್ತು ಬಂದು ಹೇಳ್ದೋಳು ನೀನೇ ತಾನೆ?"

ನಿಮಗೆ ನೆನಪು ಸರಿಯಿಲ್ಲ ಎಂದೆ. ಇವರು ತಟ್ಟೆ ತೆಗೆದುಕೊಂಡು ಹೋಗಿ ಹೊರಗೆ ಕೂತು ಉಂಡರು.

ಏಪ್ರಿಲ್ 30, ಮಂಗಳವಾರ

ಪೊಲೀಸಿಗೆ ಕೊಡುವ ವಿವರಣೆ ಟೈಪ್ ಮಾಡಿ ಮುಗಿಸಿದೆ. "ಸದರಿ ವೇಳೆಯಲ್ಲಿ ಕಾರ್ಯದರ್ಶಿಯವರು ಸ್ಥಳದಲ್ಲಿ ಇರಲಿಲ್ಲ." ಮೂರು ಸಲ ಓದಿದೆ. ಎಲ್ಲೂ ತಿದ್ದುವಂಥದ್ದೇನೂ ಕಾಣಲಿಲ್ಲ.

ಮೇ 2, ಗುರುವಾರ

ವಾಚ್‌ಮನ್ ಹೋದ. ಒಂದು ಟ್ರಂಕು, ಒಂದು ಚಾಪೆ. ಸಮವಸ್ತ್ರ ಒಗೆದು ಮಡಿಸಿ, ಪುಸ್ತಕದ ಜೊತೆ ನಮ್ಮ ಬಾಗಿಲ ಹತ್ತಿರ ಇಟ್ಟು ಹೋಗಿದ್ದಾನೆ. ಬೆಲ್ ಒತ್ತಲಿಲ್ಲ. ಹೊಸಬ ಸೋಮವಾರದಿಂದ ಬರುತ್ತಾನೆ. ಅವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕು.

ಮೇ 5, ಭಾನುವಾರ

ಎರಡನೇ ಮನೆಯವರು ಬಂದಿದ್ದರು. ಅವತ್ತಿನಿಂದ ಮೊದಲ ಸಲ ಮೇಲೆ ಬಂದದ್ದು. ಇವರು ಮನೆಯಲ್ಲಿರಲಿಲ್ಲ. ಇತ್ತೀಚೆಗೆ ಇವರು ಮನೆಯಲ್ಲಿರುವುದೇ ಕಡಿಮೆ.

ಒಳಗೆ ಬನ್ನಿ ಎಂದೆ. ಬನ್ನಿ ಎಂದದ್ದನ್ನು ಕೇಳಿ ಒಂದು ಗಳಿಗೆ ನನ್ನನ್ನೇ ನೋಡಿದರು. ಕುರ್ಚಿಯ ಅಂಚಿನಲ್ಲಿ ಕೂತರು. ತುಂಬ ಇಳಿದುಹೋಗಿದ್ದಾರೆ, ಕತ್ತಿನ ಮೂಳೆ ಕಾಣುತ್ತಿದೆ. ಪೊಲೀಸಿನವರಿಗೆ ಕೊಟ್ಟ ವಿವರಣೆಯ ಪ್ರತಿ ಕೇಳಲು ಬಂದಿರಬೇಕು ಎಂದುಕೊಂಡು ಅದನ್ನು ಎಲ್ಲಿಟ್ಟಿದ್ದೇನೆ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಅವರು ಕೇಳಿದ್ದು ಅದನ್ನಲ್ಲ.

"ಆ ವಾಚ್‌ಮನ್ ಹೋಗೋ ದಿನ ನನ್ನ ಹತ್ರ ಬಂದಿದ್ದ. ಕಾಲಿಗೆ ಬಿದ್ದು ಅತ್ತ. ಮೇಡಂ ಮೇಲೆ ನಿಂತು ನೋಡ್ತಿದ್ರು, ದೇವರಾಣೆ ಅಂದ."

ನಾನು ಮೇಜಿನ ಮೇಲಿನ ಹಾಳೆಗಳ ಅಂಚು ಸರಿಮಾಡಿದೆ.

"ನಾನು ಬಾಯಿಗೆ ಬಂದ ಹಾಗೆ ಬೈದು ಅಟ್ಟಿಬಿಟ್ಟೆ ಕಣೇ. ಯಾರ ಬಗ್ಗೆ ಮಾತಾಡ್ತಿದೀಯ ಅಂತ ಗೊತ್ತಾ ಅಂದೆ. ಅವಳ ಕಣ್ಣಿಗೆ ಬಿದ್ದಿದ್ರೆ ಒಲೆ ಮೇಲಿನ ಹಾಲು ಉಕ್ಕಿದ್ರೂ ಬಿಟ್ಟು ಓಡಿ ಬರ್ತಿದ್ಲು ಅಂದೆ." ಅಕ್ಕನ ಧ್ವನಿ ಅಲ್ಲಿಗೆ ಒಡೆಯಿತು. "ಮೂರು ದಿನದಿಂದ ನಿದ್ದೆ ಇಲ್ಲ. ನನ್ನ ಮನಸ್ಸೂ ಒಂದೊಂದು ಸಲ ಹಾಳಾಗುತ್ತೆ. ಅದಕ್ಕೇ ಬಂದೆ. ನೀನು ನೋಡಿದ್ರೆ ಬಿಡ್ತಿರಲಿಲ್ಲ ಅಲ್ವಾ? ಒಂದು ಸಲ ನಿನ್ನ ಬಾಯಲ್ಲಿ ಹೇಳಿಬಿಡು. ಸಾಕು."

"ಇಲ್ಲ ಅಕ್ಕಾ" ಎಂದೆ. "ನೋಡಿದ್ರೆ ಬಿಡ್ತಿರಲಿಲ್ಲ."

ಅಕ್ಕ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತಳು. ಭಾವ ಹೋದ ಮೇಲೆ ಅವಳು ಅತ್ತದ್ದನ್ನು ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ. "ನನಗೆ ಇನ್ನು ಉಳಿದಿರೋದು ನೀನೊಬ್ಬಳೇ" ಎನ್ನುತ್ತಲೇ ಇದ್ದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು, ಬಿಗಿಯಾಗಿ ಹಿಡಿದಿದ್ದಳು. ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ. ಅವಳು ತಾನಾಗಿ ಬಿಡುವ ತನಕ ಹಾಗೇ ಕೂತಿದ್ದೆ.